ತೆರೆಯ ಮೇಲೆ ಗಂಡಸು ಉಟ್ಟ ಲಂಗವನ್ನು ಗಮನಿಸಿ ನೋಡುವ ಬಗೆ

ಅಡ್ಡಪಂಚೆಗೆ ಕಚ್ಚೆಯಿಲ್ಲ, ಹೊಲಿಗೆಯೂ ಇಲ್ಲ. ಸೊಂಟಕ್ಕೆ ಸುತ್ತಿದ ಒಂದೇ ಬಟ್ಟೆ ಎರಡೂ ಕಾಲುಗಳನ್ನು ಒಟ್ಟಿಗೆ ಮುಚ್ಚಿಕೊಂಡು ಕಣಕಾಲಿನವರೆಗೆ ಇಳಿಯುತ್ತದೆ. ಸ್ಕರ್ಟು ಮಾಡುವ ಕೆಲಸವೂ ಅದೇ. ಆದರೂ ನಾಯಕ ಪಂಚೆಯನ್ನು ಎತ್ತಿ ಕಟ್ಟಿದಾಗ ಶಿಳ್ಳೆ ಹೊಡೆಯುವ ಪ್ರೇಕ್ಷಕನೇ, ಅದೇ ನಾಯಕ ಸ್ಕರ್ಟು ತೊಟ್ಟು ಬಂದರೆ ನಗುತ್ತಾನೆ. ಈ ಶಿಳ್ಳೆ ಮತ್ತು ನಗೆ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ತಿಳಿಯಲು ಸಿನಿಮಾ ಶಾಸ್ತ್ರವನ್ನು ಓದಬೇಕಾಗಿಲ್ಲ. ನೋಡುವಾಗ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡರೆ ಸಾಕು. ಈ ಗಂಡಸು ಇಂಥ ಉಡುಪನ್ನು ತೊಡುವುದಕ್ಕೆ ಚಿತ್ರವು ಯಾವ ನೆಪವನ್ನು ಕೊಡುತ್ತಿದೆ, ಅಥವಾ ನೆಪವನ್ನೇ ಕೊಡದೆ ಬಿಟ್ಟಿದೆಯೇ?

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ. ಕಾಲುಗಳ ನಡುವೆ ಸೀಳಾಗದ ಎಲ್ಲ ಉಡುಪುಗಳಿಗೂ ಸೇರಿ ಇಲ್ಲಿ ಅನುಕೂಲಕ್ಕಾಗಿ ‘ಸುತ್ತುಡುಪು’ ಎಂದು ಕರೆಯುತ್ತೇನೆ. ಅಡ್ಡಪಂಚೆ, ಲುಂಗಿ, ಕೇರಳದ ಮುಂಡು, ಸ್ಕಾಟ್ಲೆಂಡಿನ ಕಿಲ್ಟು, ರೋಮನ್ ಸೈನಿಕನ ಮೊಣಕಾಲು ಮುಟ್ಟುವ ನಿಲುವಂಗಿ, ಲಂಗ, ಸ್ಕರ್ಟು ಎಲ್ಲವೂ ಇದರೊಳಗೆ ಬರುತ್ತವೆ. ಕಚ್ಚೆಪಂಚೆ ಮತ್ತು ಉತ್ತರ ಕರ್ನಾಟಕದ ಕಚ್ಚೆ ಹಾಕಿದ ಧೋತರ ಇದರೊಳಗೆ ಬರುವುದಿಲ್ಲ, ಏಕೆಂದರೆ ಅವು ಕಾಲುಗಳನ್ನು ಬೇರೆ ಮಾಡುತ್ತವೆ. ಪೌರಾಣಿಕ ಮತ್ತು ಐತಿಹಾಸಿಕ ಚಿತ್ರಗಳ ರಾಜರು ಹೆಚ್ಚಾಗಿ ಕಚ್ಚೆಯಲ್ಲೇ ಕಾಣಿಸಿಕೊಳ್ಳುವುದರಿಂದ, ಈ ಭೇದವನ್ನು ಮೊದಲೇ ಮಾಡಿಕೊಳ್ಳದಿದ್ದರೆ ಮುಂದಿನ ಟಿಪ್ಪಣಿಗಳೆಲ್ಲ ಕಲಸಿಹೋಗುತ್ತವೆ.

ಅನಂತರ ಒಂದು ದೃಶ್ಯವನ್ನು ಆರಿಸಿಕೊಂಡು ಎರಡು ಸಲ ನೋಡಿ: ಮೊದಲ ಸಲ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಎರಡನೆಯ ಸಲ ಧ್ವನಿಯೊಂದಿಗೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಮುಗಳಾಗಿ ನಾಲ್ಕು ಸಂಗತಿಗಳನ್ನು ಗುರುತಿಸಿಕೊಳ್ಳಿ. ಉಡುಪನ್ನು ತೊಟ್ಟವನು ಯಾರು, ಅದಕ್ಕೆ ಕೊಟ್ಟ ನೆಪ ಯಾವುದು, ಅವನನ್ನು ನೋಡುತ್ತಿರುವವರು ಯಾರು, ದೃಶ್ಯದ ಅಥವಾ ಕಥೆಯ ಕೊನೆಗೆ ಆ ಉಡುಪು ಏನಾಗುತ್ತದೆ. ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಎಷ್ಟೋ ಬಾರಿ ಉಳಿದ ಮೂರಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ನೆಪಗಳಲ್ಲಿ ತೆರೆಗೆ ಅತ್ಯಂತ ಪ್ರಿಯವಾದದ್ದು ಯುದ್ಧ. ಅಭ್ಯಾಸಕ್ಕೆ 1995ರ ‘ಬ್ರೇವ್‌ಹಾರ್ಟ್’ ಒಳ್ಳೆಯ ಚಿತ್ರ. ಅದರ ನಾಯಕ ವಿಲಿಯಂ ವಾಲೇಸ್ ಚರಿತ್ರೆಯಲ್ಲಿ 1305ರಲ್ಲಿ ಮರಣದಂಡನೆಗೆ ಒಳಗಾದವನು. ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಉದ್ದನೆಯ ಉಣ್ಣೆಯ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದುಕೊಳ್ಳುವ ಪದ್ಧತಿ ಕಾಣಿಸುವುದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ. ಇಂದು ನಾವು ಕಿಲ್ಟು ಎನ್ನುವ ಗಿಡ್ಡ ಉಡುಪು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಅಂದರೆ ಚಿತ್ರದ ಯೋಧರು ತಮ್ಮ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಮುಂಚಿತವಾಗಿಯೇ ಕಿಲ್ಟು ತೊಟ್ಟಿದ್ದಾರೆ. ಚರಿತ್ರೆ ಬೇಡದಿದ್ದ ಉಡುಪನ್ನು ಚಿತ್ರವೇಕೆ ಬಯಸಿತು ಎಂದು ಕೇಳಿಕೊಂಡು ನೋಡಿದರೆ, ಉಣ್ಣೆಬಟ್ಟೆಯ ಸುತ್ತ ಕೆಸರು, ರಕ್ತ, ಕತ್ತಿ, ಬೊಬ್ಬೆಗಳನ್ನು ಎಷ್ಟು ದಟ್ಟವಾಗಿ ಪೇರಿಸಲಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಕತ್ತಿಯಿರುವವನ ಮೊಣಕಾಲನ್ನು ನೋಡಿ ಯಾರೂ ನಗುವುದಿಲ್ಲ. ಅದೇ ಚಿತ್ರದಲ್ಲಿ ಯೋಧರು ಶತ್ರುಗಳೆದುರು ಉಡುಪನ್ನು ಎತ್ತಿ ಅಣಕಿಸುವ ದೃಶ್ಯವೂ ಇದೆ. ಅಲ್ಲಿ ನಗೆ ಹುಟ್ಟುತ್ತದೆ, ಆದರೆ ಅದು ಉಟ್ಟವರ ಕೈಯಲ್ಲಿರುವ ನಗೆ, ಅವರ ಮೇಲೆ ಬಿದ್ದ ನಗೆಯಲ್ಲ. ನಗೆಯ ಒಡೆತನ ಯಾರದು ಎಂಬುದನ್ನು ಹಾಳೆಯ ಮೂರನೆಯ ಕಾಲಮಿನಲ್ಲಿ ಬರೆದಿಟ್ಟುಕೊಳ್ಳಿ.

ಈ ಯುದ್ಧದ ನೆಪವನ್ನು ಸಿನಿಮಾದವರು ತಾವಾಗಿ ಕಂಡುಹಿಡಿದದ್ದೇನಲ್ಲ. ಸ್ಟುವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೆ ತರಲು ನಡೆದ ಜಾಕೊಬೈಟ್ ದಂಗೆಯ ನಂತರ 1746ರಲ್ಲಿ ಬ್ರಿಟಿಷ್ ಸಂಸತ್ತು ಗುಡ್ಡಗಾಡಿನ ಉಡುಪನ್ನು ನಿಷೇಧಿಸಿದಾಗ ಸೈನ್ಯದಲ್ಲಿ ಸೇವೆಯಲ್ಲಿದ್ದವರಿಗೆ ವಿನಾಯಿತಿಯಿತ್ತು. ನಿಷೇಧ ತೆರವಾದದ್ದು 1782ರಲ್ಲಿ. ಮೂರೂವರೆ ದಶಕಗಳ ಕಾಲ ಕಾನೂನಿನ ಒಪ್ಪಿಗೆಯಿಂದ ಕಿಲ್ಟು ತೊಡಬಲ್ಲ ಗಂಡಸೆಂದರೆ ಸಿಪಾಯಿಯೇ ಆಗಿದ್ದರೆ, ಆ ಬಟ್ಟೆಗೆ ಸಿಪಾಯಿಯ ಗತ್ತು ಅಂಟಿಕೊಳ್ಳುವುದು ಸಹಜ.

ಎರಡನೆಯ ನೆಪ ವೇಷ. ಇದನ್ನು ನೋಡಲು 1993ರ ‘ಮಿಸೆಸ್ ಡೌಟ್‌ಫೈರ್’, ಅದರ ನೆರಳಿನಲ್ಲಿ ಬಂದ 1996ರ ತಮಿಳಿನ ‘ಅವ್ವೈ ಷಣ್ಮುಖಿ’, 1997ರ ಹಿಂದಿಯ ‘ಚಾಚಿ 420’ ಇವುಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು. ಮೂರರಲ್ಲೂ ಸಂಸಾರ ಮುರಿದ ತಂದೆಯೊಬ್ಬ ಮಕ್ಕಳ ಹತ್ತಿರ ಇರಬೇಕೆಂದು ಹೆಂಗಸಿನ ವೇಷದಲ್ಲಿ ಮನೆಗೆಲಸಕ್ಕೆ ಸೇರುತ್ತಾನೆ. ನೆಪ ಘನವಾದದ್ದು, ಪಿತೃವಾತ್ಸಲ್ಯ. ಅಷ್ಟು ಘನವಾದ ನೆಪವಿಲ್ಲದೆ ನಾಯಕನಿಗೆ ಸೀರೆ ಉಡಿಸಲು ಚಿತ್ರಕ್ಕೆ ಧೈರ್ಯವಿಲ್ಲ ಎಂಬುದು ನನ್ನ ಅನಿಸಿಕೆ. ಇಂಥ ಚಿತ್ರಗಳನ್ನು ನೋಡುವಾಗ ನಾಲ್ಕನೆಯ ಕಾಲಮನ್ನು ಮರೆಯದೆ ತುಂಬಿಸಿ, ಏಕೆಂದರೆ ಇಲ್ಲಿ ವೇಷ ಕಳಚಲೇಬೇಕು. ಕಥೆಯು ಸುಖವಾಗಿ ಮುಗಿಯಬೇಕಾದರೆ ತಂದೆ ಪ್ಯಾಂಟಿಗೆ ಮರಳಬೇಕು.

ವೇಷವೆಂದರೆ ಹಾಸ್ಯವೇ ಎಂದು ತೀರ್ಮಾನಿಸುವ ಮೊದಲು ಇನ್ನೊಂದು ಹೋಲಿಕೆಯನ್ನು ಮಾಡಿನೋಡಿ. ದಾದಾಸಾಹೇಬ್ ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವರು ಅಣ್ಣಾ ಸಾಳುಂಕೆ ಎಂಬ ಗಂಡು ನಟ, 1917ರ ‘ಲಂಕಾ ದಹನ’ದಲ್ಲಿ ರಾಮ, ಸೀತೆ ಎರಡೂ ಅವರೇ. ಒಂದೇ ದೇಹ ಎರಡೂ ಉಡುಪುಗಳಲ್ಲಿ ತೆರೆಯ ಮೇಲಿತ್ತು, ಮತ್ತು ಅದರ ಉದ್ದೇಶ ನಗಿಸುವುದಾಗಿರಲಿಲ್ಲ. ಯಕ್ಷಗಾನವನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಕಾಗಲಿ ಬಡಗಾಗಲಿ, ಸ್ತ್ರೀವೇಷಧಾರಿಯಾದ ಗಂಡು ಕಲಾವಿದ ದಾಕ್ಷಾಯಿಣಿಯಾಗಿ ರಂಗಕ್ಕೆ ಬಂದಾಗ ಸಭೆ ದಾಕ್ಷಾಯಿಣಿಯನ್ನೇ ಕಾಣುತ್ತದೆ. ನಗಿಸುವುದಕ್ಕೆ ಹಾಸ್ಯಗಾರ ಬೇರೆಯೇ ಇರುತ್ತಾನೆ. ಹಾಗಾದರೆ ಸಿನಿಮಾದ ನಗೆ ಬರುವುದೆಲ್ಲಿಂದ?

ಧ್ವನಿ ನಿಲ್ಲಿಸಿ ನೋಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಸ್ಯದ ದೃಶ್ಯದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಪಾದದಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ, ರೋಮವಿರುವ ಕಾಲಿನಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಮುಖವನ್ನು ಕೊನೆಗೆ ತೋರಿಸುತ್ತದೆ. ಕೂಡಲೇ ಬಾಯಿ ತೆರೆದು ನೋಡುತ್ತಿರುವ ಮೂರನೆಯವನ ಮುಖಕ್ಕೆ ಹಾರುತ್ತದೆ. ಆ ಮೂರನೆಯವನೇ ನಮಗೆ ನಗಲು ಹೇಳಿಕೊಡುವ ಮೇಷ್ಟ್ರು. ಅವನು ಕಾಣುವ ಚೂರನ್ನು ಮನಸ್ಸಿನಲ್ಲೇ ಕತ್ತರಿಸಿ ತೆಗೆದು ದೃಶ್ಯವನ್ನು ಮತ್ತೆ ಕಲ್ಪಿಸಿಕೊಳ್ಳಿ; ಉಳಿಯುವುದು ನಡೆದು ಬರುತ್ತಿರುವ ಒಬ್ಬ ಮನುಷ್ಯ ಮಾತ್ರ. ಎರಡನೆಯ ಸಲ ಧ್ವನಿ ಹಾಕಿದಾಗ, ನಗೆಯ ಎಷ್ಟು ಭಾಗ ಹಿನ್ನೆಲೆಯ ‘ಠೊಯ್ಞ್’ ಎಂಬ ಸದ್ದಿನದು ಎಂಬುದೂ ತಿಳಿಯುತ್ತದೆ.

ಇದೇ ಪರೀಕ್ಷೆಗೆ ಲುಂಗಿಯನ್ನು ಒಡ್ಡಿದರೆ ಫಲಿತಾಂಶ ಇನ್ನಷ್ಟು ಸ್ವಾರಸ್ಯಕರವಾಗಿರುತ್ತದೆ. ದಕ್ಷಿಣದ ಚಿತ್ರಗಳಲ್ಲಿ ಲುಂಗಿಯ ಅಂಚನ್ನು ಹಿಡಿದೆತ್ತಿ ಮಡಚಿ ಕಟ್ಟುವುದೆಂದರೆ ಹೊಡೆದಾಟದ ಮುನ್ಸೂಚನೆ. ಕ್ಯಾಮೆರಾ ನೆಲದ ಹತ್ತಿರ ಕುಳಿತಿರುತ್ತದೆ, ಚಲನೆ ನಿಧಾನವಾಗುತ್ತದೆ, ಗಾಳಿಯಲ್ಲಿ ಬಟ್ಟೆ ಬೀಸುತ್ತದೆ. 2022ರ ‘ಕಾಂತಾರ’ದ ನಾಯಕ ಲುಂಗಿಯುಟ್ಟೇ ಓಡಾಡುತ್ತಾನೆ, ಕರಾವಳಿಯ ಹಳ್ಳಿಯ ಮನುಷ್ಯ ಎನ್ನುವುದನ್ನು ಬಿಟ್ಟು ಬೇರೆ ಸಮರ್ಥನೆಯನ್ನು ಚಿತ್ರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಎಂಬ ಹಿಂದಿ ಚಿತ್ರದ ಲುಂಗಿ ಕುಣಿತಕ್ಕೆ ಮಾತ್ರ ನೆಪ ಬೇಕಾಯಿತು, ರಜನೀಕಾಂತ್ ಅವರಿಗೆ ಗೌರವ ಎಂಬ ನೆಪ. ಒಂದೇ ಬಟ್ಟೆ ಒಂದು ಭಾಷೆಯಲ್ಲಿ ದಿನದ ಉಡುಪಾಗಿ, ಇನ್ನೊಂದರಲ್ಲಿ ಹಬ್ಬದ ವೇಷವಾಗಿ ಕಾಣುವುದನ್ನು ಗುರುತಿಸಿಕೊಳ್ಳಿ. ಕೇಡಿಯ ಕಣ್ಣು ಕುಕ್ಕುವ ಚೌಕುಳಿ ಲುಂಗಿ ಮತ್ತು ಊರ ಗೌಡನ ಬಿಳಿ ಪಂಚೆ ಇವುಗಳ ನಡುವಿನ ಅಂತರವನ್ನೂ ಬರೆದುಕೊಳ್ಳಿ. ಅಲ್ಲಿ ವಿಷಯ ಗಂಡು ಹೆಣ್ಣಿನದಲ್ಲ, ಅಂತಸ್ತಿನದು.

ಮಾತುಗಳನ್ನೂ ಬಿಡಬೇಡಿ. ‘ನಾನೇನು ಕೈಗೆ ಬಳೆ ತೊಟ್ಟಿಲ್ಲ’, ‘ಸೀರೆ ಉಟ್ಟುಕೊಂಡು ಮನೆಯಲ್ಲಿ ಕೂತಿರು’ ಎಂಬ ಜಾತಿಯ ಮಾತುಗಳನ್ನು ಪಂಚೆಯುಟ್ಟ ಪಾತ್ರವೇ ಪಂಚೆಯುಟ್ಟ ಇನ್ನೊಬ್ಬನಿಗೆ ಹೇಳುವುದುಂಟು. ಆಡುಮಾತಿನ ಇಂಥ ಹೀಯಾಳಿಕೆಗಳನ್ನು ಸಿನಿಮಾ ಎರವಲು ಪಡೆದು ಗಟ್ಟಿ ದನಿಯಲ್ಲಿ ಮರಳಿಸಿತೆಂದು ಹೇಳಬಹುದೇ ಹೊರತು, ನಮ್ಮ ಮನೋಭಾವವನ್ನೆಲ್ಲ ಸಿನಿಮಾವೇ ಹುಟ್ಟಿಸಿತೆಂದು ನಿಮ್ಮ ಟಿಪ್ಪಣಿ ಹೇಳಲು ಹೊರಟರೆ ಅಲ್ಲೇ ತಡೆಯಿರಿ.

ನೆಪವಿಲ್ಲದೆ ಸ್ಕರ್ಟು ತೊಟ್ಟ ಗಂಡಸು ಬೇಕಿದ್ದರೆ ಚೌಕಟ್ಟಿನ ಹಿಂಬದಿಯಲ್ಲಿ ಹುಡುಕಬೇಕು. 1987ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ದೂರದರ್ಶನ ಸರಣಿಯ ಮೊದಲ ಕಂತುಗಳಲ್ಲಿ ಅಂತರಿಕ್ಷ ನೌಕೆಯ ಓಣಿಗಳಲ್ಲಿ ಗಿಡ್ಡ ಸ್ಕರ್ಟಿನ ಸಮವಸ್ತ್ರ ತೊಟ್ಟ ಗಂಡಸರು ಹಾದುಹೋಗುತ್ತಾರೆ; ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅವರು ಮಾತಿಲ್ಲದ ಪಾತ್ರಗಳು, ಮುಖ್ಯ ಗಂಡು ಪಾತ್ರಗಳೆಲ್ಲ ಪ್ಯಾಂಟಿನಲ್ಲೇ ಇದ್ದವು, ಮತ್ತು ಆ ಸಮವಸ್ತ್ರ ಮುಂದೆ ಸರಣಿಯಿಂದ ಮರೆಯಾಯಿತು.

ತೆರೆಯ ಹೊರಗಿನ ಚಿತ್ರಗಳನ್ನೂ ಇದೇ ಹಾಳೆಯಲ್ಲಿ ಸೇರಿಸಿಕೊಳ್ಳಿ, ಏಕೆಂದರೆ ಇಂದು ನಟರ ಉಡುಪನ್ನು ಜನ ಫೋನಿನಲ್ಲೇ ಹೆಚ್ಚಾಗಿ ನೋಡುತ್ತಾರೆ. ಅಮೆರಿಕದ ನಟ ಬಿಲ್ಲಿ ಪೋರ್ಟರ್ 2019ರ ಆಸ್ಕರ್ ಸಮಾರಂಭಕ್ಕೆ ಮೇಲೆ ಗಂಡಸರ ಔತಣಕೂಟದ ಟಕ್ಸಿಡೊ ಕೋಟು, ಕೆಳಗೆ ಅಗಲವಾದ ಗೌನು ಆಗಿರುವ ಉಡುಪಿನಲ್ಲಿ ಬಂದರು. ಬ್ರ್ಯಾಡ್ ಪಿಟ್ 2022ರ ಬೇಸಿಗೆಯಲ್ಲಿ ತಮ್ಮ ಹೊಸ ಚಿತ್ರದ ಬರ್ಲಿನ್ ಪ್ರದರ್ಶನಕ್ಕೆ ಲಿನನ್ ಸ್ಕರ್ಟು ತೊಟ್ಟು ಬಂದಾಗ, ಏಕೆಂದು ಕೇಳಿದ್ದಕ್ಕೆ ಗಾಳಿಗಾಗಿ ಎಂದರು. ನಮ್ಮಲ್ಲಿ ಸೆಕೆಗಾಲದ ಸಂಜೆ ಪಂಚೆಗೆ ಬದಲಾಯಿಸಿಕೊಳ್ಳುವ ಯಾರಾದರೂ ಕೊಡಬಹುದಾದ ಉತ್ತರವೇ ಅದು. ಆದರೆ ಪಂಚೆಯುಟ್ಟವರನ್ನು ಯಾರೂ ಏಕೆಂದು ಕೇಳುವುದಿಲ್ಲ. ಇಲ್ಲಿ ಕಾಲಮು ತುಂಬಿಸುವಾಗ ಉತ್ತರಕ್ಕಿಂತ ಪ್ರಶ್ನೆಯನ್ನು ಮೊದಲು ಬರೆಯಿರಿ.

ಕೊನೆಯ ಟಿಪ್ಪಣಿಯನ್ನು ಚಿತ್ರಮಂದಿರದ ಬಾಗಿಲಲ್ಲಿ ನಿಂತು ಮಾಡಬೇಕು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನೊಂದಿಗೆ ಸಿನಿಮಾ ನೋಡಲು ಬಂದ ವಯಸ್ಸಾದ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಪ್ರತಿಭಟನೆ ನಡೆಯಿತು, ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಚಿವರು ಪ್ರಕಟಿಸಿದರು. ನೀವು ಚಿತ್ರ ನೋಡಲು ಹೋದ ದಿನ ಸಾಲಿನಲ್ಲಿ ನಿಂತವರಲ್ಲಿ ಪಂಚೆಯುಟ್ಟವರು, ಲುಂಗಿಯುಟ್ಟವರು ಎಷ್ಟು ಮಂದಿ ಎಂದು ಎಣಿಸಿ, ಒಳಗೆ ತೆರೆಯ ಮೇಲೆ ಕಂಡ ಸಂಖ್ಯೆಯ ಪಕ್ಕದಲ್ಲಿ ಅದನ್ನೂ ಬರೆದುಕೊಳ್ಳಿ.