ಟರ್ಕಿಗೆ ಕಾಗದ, ಇಟಲಿಗೆ ಬಿಸಿಸಿ

ಡಿಪ್ಲೊಮಸಿ ಎಂಬ ಬೋರ್ಡ್ ಆಟವನ್ನು ಇಮೇಲ್‌ನಲ್ಲಿ ಆಡುವವರಲ್ಲಿ ಎರಡೇ ಪಂಗಡ. ಒಬ್ಬರಿಗೆ ಬರೆದ ಮೇಲ್‌ನ ಪ್ರತಿಯನ್ನು ಅವರಿಗೆ ಕಾಣದಂತೆ ಇನ್ನೊಬ್ಬರಿಗೂ ಕಳಿಸುವವರು, ಅಂದರೆ ಬಿಸಿಸಿ ಹಾಕುವವರು, ಒಂದು, ತಾವು ಹಾಕುವುದೇ ಇಲ್ಲ ಎಂದು ಹೇಳಿಕೊಳ್ಳುವವರು ಇನ್ನೊಂದು. ನಾನು ಮೊದಲನೆಯ ಪಂಗಡದವನು, ಅದನ್ನು ಮುಚ್ಚಿಡುವುದೂ ಇಲ್ಲ. ಮುಚ್ಚಿಡದೆ ಇರುವುದರಿಂದ ಲಾಭವೂ ಇದೆ, ಅದು ಆಮೇಲೆ ಬರುತ್ತದೆ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1901ರ ಯುರೋಪಿನ ನಕ್ಷೆ, ಏಳು ದೇಶ, ಏಳು ಜನ. ನಕ್ಷೆಯಲ್ಲಿ 34 ಸಪ್ಲೈ ಸೆಂಟರ್‌ಗಳು, ಅಂದರೆ ಪಡೆಗಳನ್ನು ಸಾಕುವ ಜಾಗಗಳು; 18 ಹಿಡಿದವನು ಗೆದ್ದ. ದಾಳ ಇಲ್ಲ, ಎಲೆ ಇಲ್ಲ. ಅದೃಷ್ಟದ ಆಟ ಯಾರಿಗೆ ಯಾವ ದೇಶ ಬಂತು ಎನ್ನುವಲ್ಲಿಗೇ ಮುಗಿಯಿತು. ಎಲ್ಲರೂ ಆರ್ಡರ್ ಬರೆದು ಕೊಡುತ್ತಾರೆ, ಎಲ್ಲವೂ ಒಟ್ಟಿಗೆ ಬಯಲಾಗುತ್ತವೆ. ಪ್ರತಿ ಸೈನ್ಯಕ್ಕೂ ಪ್ರತಿ ಹಡಗುಪಡೆಗೂ ಇರುವುದು ಒಂದೇ ಬಲ, ಹಾಗಾಗಿ ಇನ್ನೊಂದು ಪಡೆಯ ಸಪೋರ್ಟ್ ಇಲ್ಲದೆ ಎದುರಾಳಿಯನ್ನು ಅವನು ನಿಂತ ಜಾಗದಿಂದ ಕದಲಿಸಲು ಆಗುವುದಿಲ್ಲ. ಬೇರೆಯವರ ಸಪೋರ್ಟ್ ಬೇಕೆಂದರೆ ಬೇರೆಯವರ ಜೊತೆ ಮಾತಾಡಬೇಕು. ಕೊಟ್ಟ ಮಾತಿಗೆ ತಪ್ಪಬಾರದು ಎಂಬ ನಿಯಮ ಮಾತ್ರ ಎಲ್ಲೂ ಇಲ್ಲ.

ಅಮೆರಿಕದ ಅಲನ್ ಕ್ಯಾಲ್ಹಾಮರ್ ಇದನ್ನು 1954ರಲ್ಲಿ ರೂಪಿಸಿ, ಯಾವ ಕಂಪನಿಯೂ ಮುಂದೆ ಬರದಿದ್ದಾಗ 1959ರಲ್ಲಿ ತಾನೇ 500 ಪ್ರತಿ ಮಾಡಿಸಿ ಮಾರಿದ. 1963ರಿಂದ ಜನ ಇದನ್ನು ಅಂಚೆಯಲ್ಲಿ ಆಡತೊಡಗಿದರು. ಕ್ಯಾಲ್ಹಾಮರ್ ಕೂಡ ಮುಂದೆ ಹೊಟ್ಟೆಪಾಡಿಗೆ ಪೋಸ್ಟ್‌ಮ್ಯಾನ್ ಆದ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. 80ರ ದಶಕದ ಕೊನೆಗೆ ಆಟ ಇಮೇಲ್‌ಗೆ ಹತ್ತಿತು. ಆರ್ಡರ್‌ಗಳನ್ನು ತೂಗಿನೋಡಿ ಫಲಿತಾಂಶ ಕಳಿಸುವ ‘ಜಡ್ಜ್’ ಎಂಬ ಪ್ರೋಗ್ರಾಂ ಬಂತು. ನಾನು ಆಡುವುದು ಮಾತ್ರ ಹಳೇ ಪದ್ಧತಿಯಲ್ಲಿ: ಆಟ ನಡೆಸುವವರು ಒಬ್ಬರು ಮನುಷ್ಯರೇ, ಏಳೂ ಜನರ ಇಮೇಲ್ ವಿಳಾಸ ಎಲ್ಲರ ಬಳಿ ಇರುತ್ತದೆ, ಯಾರು ಯಾರಿಗೆ ಬೇಕಾದರೂ ಬರೆಯಬಹುದು. ನಾನು ಮೈಸೂರಿನಲ್ಲಿ, ಉಳಿದವರು ಎಲ್ಲೆಲ್ಲೋ. ಹೆಸರು ಹಿಡಿದು ಕರೆಯುವವರು ಕಡಿಮೆ. ಆಟ ಮುಗಿಯುವವರೆಗೆ ಅವನು ಟರ್ಕಿ, ಇವನು ಇಟಲಿ, ನಾನು ಆಸ್ಟ್ರಿಯಾ.

ಆಸ್ಟ್ರಿಯಾ ಯಾರಿಗೂ ಬೇಡದ ದೇಶ. ನಟ್ಟನಡುವೆ ಇದೆ, ಇಟಲಿ, ರಷ್ಯಾ, ಟರ್ಕಿ ಮೂವರೂ ಹಸಿದು ಕೂತಿರುತ್ತಾರೆ. ಅದರಲ್ಲೂ ಇಟಲಿಯ ವೆನಿಸ್ ಮತ್ತು ಆಸ್ಟ್ರಿಯಾದ ಟ್ರಿಯೆಸ್ಟ್ ಎರಡೂ ಸಪ್ಲೈ ಸೆಂಟರ್‌ಗಳೇ, ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಮೊದಲ ದಿನವೇ ಎರಡರಲ್ಲೂ ಪಡೆ ನಿಂತಿರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನಂಬಿದರೆ ಬದುಕಿದರು, ಇಲ್ಲದಿದ್ದರೆ ಮೂರನೆಯವನಿಗೆ ಊಟ. ನನಗೆ ಬಿಸಿಸಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇಂಥದ್ದೇ ಒಂದು ಆಟದಲ್ಲಿ.

ಇಟಲಿಯವನೂ ನಾನೂ ಸೇರಿ ಟರ್ಕಿಯನ್ನು ಮುಗಿಸುವುದೆಂದು ಮಾತಾಗಿತ್ತು. ಇದಕ್ಕೆ ‘ಲೆಪಾಂಟೊ’ ಎಂಬ ಹೆಸರಾಂತ ಪಟ್ಟು ಇದೆ. ಆಟದ ಮೊದಲ ವರ್ಷ 1901ರಲ್ಲಿ ಇಟಲಿ ತನ್ನ ಸೈನ್ಯವನ್ನು ಅಯೋನಿಯನ್ ಸಮುದ್ರದ ಹಡಗಿನ ಮೇಲೆ ದಾಟಿಸಿ ಟ್ಯೂನಿಸ್ ಹಿಡಿಯುತ್ತದೆ, ನೇಪಲ್ಸ್‌ನಲ್ಲಿ ಇನ್ನೊಂದು ಹಡಗು ಕಟ್ಟುತ್ತದೆ. 1902ರ ವಸಂತದಲ್ಲಿ ಮೊದಲ ಹಡಗು ಪೂರ್ವ ಮೆಡಿಟರೇನಿಯನ್‌ಗೆ, ಎರಡನೆಯದು ಅಯೋನಿಯನ್‌ಗೆ. ಶರತ್ಕಾಲದಲ್ಲಿ ಟ್ಯೂನಿಸ್‌ನ ಸೈನ್ಯ ಎರಡೂ ಹಡಗು ದಾಟಿ ಒಂದೇ ನೆಗೆತಕ್ಕೆ ಟರ್ಕಿಯ ಬೆನ್ನಿಗಿರುವ ಸಿರಿಯಾದಲ್ಲಿ ಇಳಿಯುತ್ತದೆ. ಟರ್ಕಿಗೆ ಮೊದಲೇ ವಾಸನೆ ಬಡಿದರೆ ಹಡಗನ್ನು ಈಚೆ ತಂದು ದಾರಿ ಕಟ್ಟುತ್ತಾನೆ, ಪಟ್ಟು ಅಲ್ಲಿಗೆ ಕೆಟ್ಟಿತು. ಆದ್ದರಿಂದ ಅವನ ಹಡಗು ಕಪ್ಪು ಸಮುದ್ರದ ಕಡೆ ಮುಖ ಮಾಡಿರಬೇಕು. ಹಾಗೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಇಟಲಿಯವನಿಗೆ ಇನ್ನೊಂದು ಚಿಂತೆ. ಅವನ ಸೈನ್ಯ, ಹಡಗು ಎಲ್ಲ ಪೂರ್ವಕ್ಕೆ ಹೋದಮೇಲೆ ನಾನು ಖಾಲಿ ವೆನಿಸ್‌ಗೆ ನುಗ್ಗಿದರೆ? ನಾನು ಟರ್ಕಿಯ ಜೊತೆ ಒಳಗೊಳಗೇ ಸೇರಿಕೊಂಡಿದ್ದರೆ? ಎಷ್ಟು ಆಣೆ ಮಾಡಿದರೂ ಈ ಆಟದಲ್ಲಿ ಆಣೆಗೆ ಬೆಲೆ ಇಲ್ಲ. ಟರ್ಕಿಗೆ ಬರೆದ ಕಾಗದವನ್ನು ಫಾರ್ವರ್ಡ್ ಮಾಡಬಹುದಿತ್ತು, ಆದರೆ ಫಾರ್ವರ್ಡ್ ಮಾಡಿದ್ದರಲ್ಲಿ ಯಾವ ಸಾಲನ್ನು ಬೇಕಾದರೂ ಅಳಿಸಬಹುದು, ಸೇರಿಸಬಹುದು ಎನ್ನುವುದು ಎಲ್ಲರಿಗೂ ಗೊತ್ತು. ಬಿಸಿಸಿಯಲ್ಲಿ ಆ ಅವಕಾಶ ಇಲ್ಲ. ಟರ್ಕಿಗೆ ಹೋದ ಪ್ರತಿಯೇ ಅಕ್ಷರ ಬದಲಾಗದೆ ಅದೇ ಗಳಿಗೆಯಲ್ಲಿ ಇಟಲಿಗೂ ಹೋಗುತ್ತದೆ. ಬಿಸಿಸಿ ಎಂದರೆ ಗುಟ್ಟು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದು ಸಾಕ್ಷಿ.

ಆ ಕಾಗದದ ತಿರುಳು ಕನ್ನಡದಲ್ಲಿ ಹೀಗಿತ್ತು: “ಟರ್ಕಿ, ಇಟಲಿಯವನ ಮಾತಿನಲ್ಲಿ ಈಗ ಫ್ರಾನ್ಸ್ ಬಿಟ್ಟರೆ ಬೇರೇನೂ ಇಲ್ಲ. ನೇಪಲ್ಸ್‌ನಲ್ಲಿ ಕಟ್ಟಿದ ಹಡಗು ಟಿರೇನಿಯನ್ ಸಮುದ್ರಕ್ಕೆ ಹೋಗುತ್ತದಂತೆ. ನಮಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ನಿನ್ನ ಹಡಗನ್ನು ಕಪ್ಪು ಸಮುದ್ರಕ್ಕೆ ಬಿಡು, ಬಲ್ಗೇರಿಯಾದ ಸೈನ್ಯವನ್ನು ರುಮೇನಿಯಾಗೆ ನಡೆಸು, ನಾನು ಸರ್ಬಿಯಾದಿಂದ ಸಪೋರ್ಟ್ ಕೊಡುತ್ತೇನೆ.” ಕೊನೆಯ ಮಾತು ನಿಜವೇ ಆಗಿತ್ತು, ಸಪೋರ್ಟ್ ಕೊಟ್ಟೆ. ಮೂರು ಸುಳ್ಳಿಗೆ ಒಂದು ನಿಜ ಬೆರೆಸದಿದ್ದರೆ ಯಾರೂ ನುಂಗುವುದಿಲ್ಲ. ರಷ್ಯಾದವನು ರುಮೇನಿಯಾ ಕಳಕೊಂಡದ್ದರಲ್ಲಿ ನನಗೇನೂ ನಷ್ಟ ಇರಲಿಲ್ಲ.

ಇಟಲಿಯಿಂದ ಉತ್ತರ ಬಂತು. ಮೊದಲ ಸಾಲಿನಲ್ಲಿ ಥ್ಯಾಂಕ್ಸ್. ಎರಡನೆಯದರಲ್ಲಿ, “ಅಂದಹಾಗೆ, ನನಗೆ ಬರೆಯುವ ಕಾಗದಗಳ ಬಿಸಿಸಿ ಯಾರಿಗೆ ಹೋಗುತ್ತದೆ?”

ಬಿಸಿಸಿ ಪಡೆದ ಯಾರ ತಲೆಯಲ್ಲೂ ಈ ಪ್ರಶ್ನೆ ಏಳದೆ ಇರುವುದಿಲ್ಲ, ಇವನು ಬಾಯಿಬಿಟ್ಟು ಕೇಳಿದ, ಅಷ್ಟೆ. ಟರ್ಕಿಯ ಕಿವಿಗೆ ಹೂ ಇಡುವುದನ್ನು ಕಣ್ಣಾರೆ ತೋರಿಸಿದಮೇಲೆ ಅವನು ತನ್ನ ಕಿವಿ ಮುಟ್ಟಿ ನೋಡಿಕೊಳ್ಳುವುದು ಸಹಜ. ಅದಕ್ಕೇ ನಾನು ಬಿಸಿಸಿ ಹಾಕುವವನು ಎಂಬುದನ್ನು ಆಟದ ಶುರುವಿನಲ್ಲೇ, ಅದೂ ಮಿತ್ರನಾಗಬಹುದಾದವನ ಹತ್ತಿರ ಮಾತ್ರ, ಹೇಳಿಬಿಡುತ್ತೇನೆ: “ನಿನ್ನ ಬಗ್ಗೆ ಬೇರೆಯವರಿಗೆ ಬರೆಯುವಾಗ ನಿನಗೆ ಪ್ರತಿ ಬರುತ್ತದೆ. ನಿನಗೆ ಬರೆದದ್ದನ್ನು ಬೇರೆಯವರಿಗೆ ಕೊಡಬೇಕಾದರೆ ಮೊದಲು ನಿನ್ನನ್ನು ಕೇಳುತ್ತೇನೆ.” ಎರಡನೆಯ ವಾಕ್ಯವನ್ನು ಅವನು ಪೂರ್ತಿ ನಂಬುವುದಿಲ್ಲ. ನಂಬಲೇಬೇಕು ಎಂದೂ ಇಲ್ಲ. ಮೊದಲನೆಯದು ಕಣ್ಣೆದುರು ನಡೆಯುತ್ತಿದ್ದರೆ ಸಾಕು.

ಈ ಸಾಕ್ಷಿಗೂ ಒಂದು ತೂತು ಇದೆ. ಇಮೇಲ್ ಎನ್ನುವುದು ಲಕೋಟೆಯೊಳಗಿನ ಕಾಗದದ ಹಾಗೆ: ಲಕೋಟೆಯ ಮೇಲಿನ ವಿಳಾಸ ನೋಡಿ ಸರ್ವರ್‌ಗಳು ತಲುಪಿಸುತ್ತವೆ, ಕಾಗದದೊಳಗೆ ಮೇಲುಗಡೆ ಬರೆದ ‘ಟು’ ಸಾಲು ನಮ್ಮ ಓದಿಗೆ. ಬಿಸಿಸಿ ವಿಳಾಸ ಲಕೋಟೆಯ ಮೇಲೆ ಇರುತ್ತದೆ, ಕಾಗದದೊಳಗೆ ಇರುವುದಿಲ್ಲ. ಅದಕ್ಕೇ ಟರ್ಕಿಯವನು ತನ್ನ ಪ್ರತಿಯ ಹೆಡರ್‌ಗಳನ್ನೆಲ್ಲ, ಅಂದರೆ ಮೇಲ್‌ನ ಮೇಲ್ಭಾಗದ ವಿವರಗಳನ್ನೆಲ್ಲ, ಕೆದಕಿದರೂ ಇಟಲಿಯ ಹೆಸರು ಸಿಗುವುದಿಲ್ಲ. ಹಾಗೆಯೇ ಇಟಲಿಯವನಿಗೆ ‘ಟು: ಟರ್ಕಿ’ ಎಂದು ಕಾಣುತ್ತದೆ, ಟರ್ಕಿಗೆ ನಿಜವಾಗಿ ತಲುಪಿತೇ ಎನ್ನುವುದು ಕಾಣುವುದಿಲ್ಲ. ‘ಟು’ ಸಾಲಿನಲ್ಲಿ ಟರ್ಕಿಯವನ ವಿಳಾಸದ ಒಂದೇ ಒಂದು ಅಕ್ಷರ ಬದಲಿಸಿದರೆ ಸಾಕು. ಆ ವಿಳಾಸ ಬೇರೆ ಯಾರದ್ದೂ ಅಲ್ಲದಿದ್ದರೆ ಕಾಗದ ಟರ್ಕಿಗೆ ಹೋಗದೆ ನನಗೇ ಬೌನ್ಸ್ ಆಗಿ ಬರುತ್ತದೆ. ಇಟಲಿಯವನು ಮಾತ್ರ ‘ಆಹಾ, ಎಂಥಾ ಮಿತ್ರ’ ಎಂದು ಖುಷಿಯಾಗಿರುತ್ತಾನೆ. ನಾನೂ ಇದನ್ನು ಮಾಡಿದ್ದೇನೆ. ಆಟದಲ್ಲಿ ಇದು ತಪ್ಪಲ್ಲ.

ನನ್ನ ಮೇಲೆ ಇದೇ ಪ್ರಯೋಗ ಆಗಬಹುದು ಎನ್ನುವುದರಿಂದ, ಬಂದ ಬಿಸಿಸಿಯ ‘ಟು’ ವಿಳಾಸವನ್ನು ಆಟದ ಪಟ್ಟಿಯ ಜೊತೆ ಅಕ್ಷರಕ್ಕೆ ಅಕ್ಷರ ಹಿಡಿದು ನೋಡುತ್ತೇನೆ. ಜಿಮೇಲ್ ವಿಳಾಸದ ನಡುವೆ ಒಂದು ಚುಕ್ಕಿ ಹೆಚ್ಚುಕಡಿಮೆ ಆದರೆ ತೊಂದರೆಯಿಲ್ಲ, ಅದು ಚುಕ್ಕಿಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಕ್ಷರ ಬೇರೆಯಾದರೆ ಎಚ್ಚರ. ಇನ್ನೂ ಅನುಮಾನ ಇದ್ದರೆ, ಆ ಕಾಗದ ತಲುಪಿದ್ದರೆ ಮಾತ್ರ ಅರ್ಥವಾಗುವಂಥ ಯಾವುದಾದರೂ ಸಣ್ಣ ಪ್ರಶ್ನೆಯನ್ನು ಟರ್ಕಿಗೇ ಬೇರೆ ನೆಪದಲ್ಲಿ ಕೇಳುತ್ತೇನೆ. “ರುಮೇನಿಯಾ ವಿಷಯ ಏನಂತ ತೀರ್ಮಾನ ಮಾಡಿದೆ?” ಎಂದರೆ ಸಾಕು. “ಯಾವ ರುಮೇನಿಯಾ?” ಎಂದು ಬಂದರೆ ಗೊತ್ತಾಯಿತು.

ದೊಡ್ಡ ಅಪಾಯ ಇರುವುದು ಬೇರೆ ಕಡೆ. ಇನ್ನೊಂದು ಆಟದಲ್ಲಿ ನಾನು ಇಂಗ್ಲೆಂಡ್. ಇಂಗ್ಲಿಷ್ ಕಡಲ್ಗಾಲುವೆಗೆ ಇಬ್ಬರೂ ಹಡಗು ತರಬಾರದು ಎಂದು ಫ್ರಾನ್ಸ್‌ಗೆ ನಯವಾಗಿ ಬರೆದು ಜರ್ಮನಿಗೆ ಬಿಸಿಸಿ ಹಾಕಿದ್ದೆ. ಜರ್ಮನಿಯವನು ಖುಷಿಯ ಭರದಲ್ಲಿ ‘ರಿಪ್ಲೈ ಆಲ್’ ಒತ್ತಿ, “ಚೆನ್ನಾಗಿ ನಂಬಿಸಿದ್ದೀಯ, ನಾಡಿದ್ದು ಕಾಲುವೆ ನಿನ್ನದೇ” ಎಂದು ಬರೆದ. ಬಿಸಿಸಿ ಪಡೆದವನು ರಿಪ್ಲೈ ಆಲ್ ಮಾಡಿದರೆ ಅದು ‘ಟು’ವಿನಲ್ಲಿ ಇದ್ದವನಿಗೂ ನೆಟ್ಟಗೆ ಹೋಗುತ್ತದೆ. ಫ್ರಾನ್ಸ್‌ನಿಂದ ಬಂದದ್ದು ಒಂದೇ ಸಾಲು, ಅದೂ ನಗುವ ಚಿಹ್ನೆ ಹಾಕಿ: “ನಾಡಿದ್ದು ನೋಡೋಣ.” ಬ್ರೆಸ್ಟ್‌ನ ಹಡಗು ಕಾಲುವೆಗೆ ಹೊರಟಿತು, ನನ್ನದೂ ಹೊರಟಿತ್ತು, ಎರಡೂ ಡಿಕ್ಕಿಯಾಗಿ ಇದ್ದಲ್ಲೇ ಉಳಿದವು. ಜರ್ಮನಿಯವನು ಆಮೇಲೆ ಕ್ಷಮೆ ಕೇಳಿ ಬರೆದ ಕಾಗದ ಮಾತ್ರ ಬಹಳ ಉದ್ದ ಇತ್ತು.

ಅಂದಿನಿಂದ ಬಿಸಿಸಿ ಕಳಿಸುವ ಮೊದಲು ಒಂದು ಒಂಟಿ ಸಾಲು ಕಳಿಸುವುದು ರೂಢಿ: “ಈಗ ಒಂದು ಪ್ರತಿ ಬರುತ್ತದೆ. ಅದಕ್ಕೆ ಉತ್ತರಿಸಬೇಡ, ನನಗೆ ಹೊಸ ಮೇಲ್ ಬರೆ.” ಫೋನಿನಲ್ಲಿ ಮೇಲ್ ಓದುವವರಿಗೆ ಇದನ್ನು ಎರಡೆರಡು ಸಲ ಹೇಳಬೇಕು, ಅಲ್ಲಿ ಬೆರಳು ಬೇಗ ಜಾರುತ್ತದೆ. ಆರ್ಡರ್ ಕೊಡುವ ಗಡುವು ಲಂಡನ್ ರಾತ್ರಿಗೆ ಇದ್ದರೆ ನಮಗೆ ನಡುರಾತ್ರಿ ದಾಟಿರುತ್ತದೆ. ಅಂಥ ಹೊತ್ತಿನಲ್ಲಿ ಬಿಸಿಸಿ ಹಾಕುವುದೇ ಇಲ್ಲ. ಅತ್ತ ಎಡವಟ್ಟಾದರೆ ಸರಿಪಡಿಸುವಷ್ಟರಲ್ಲಿ ನಾನು ಮಲಗಿರುತ್ತೇನೆ.

ನನಗೆ ಬಂದ ಕಾಗದದ ಪ್ರತಿ ಬೇರೆಯವರಿಗೂ ಹೋಗಿದೆಯೇ ಎಂದು ಹೆಡರ್‌ನಿಂದ ತಿಳಿಯಲು ಆಗುವುದಿಲ್ಲ ಎಂದೆನಲ್ಲ, ಬರವಣಿಗೆಯಿಂದ ಎಷ್ಟೋ ಸಲ ತಿಳಿಯುತ್ತದೆ. ದಿನಾ ಎರಡು ಸಾಲಿನಲ್ಲಿ ಗೀಚುತ್ತಿದ್ದವನು ಇದ್ದಕ್ಕಿದ್ದಂತೆ ಮೂರು ಪ್ಯಾರಾ ಬರೆದರೆ, ಇಬ್ಬರಿಗೂ ಗೊತ್ತಿರುವ ಒಪ್ಪಂದವನ್ನೇ ಮೊದಲಿನಿಂದ ವಿವರಿಸಿದರೆ, ‘ಅಲ್ಲಿ’ ಎಂದರೆ ಸಾಕಾಗುವ ಕಡೆ ‘ಗಲೀಶಿಯಾ ಪ್ರಾಂತ್ಯದಲ್ಲಿ’ ಎಂದು ಪೂರ್ತಿ ಬರೆದರೆ, ಪಕ್ಕದ ಕೋಣೆಯಲ್ಲಿ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಆಗ ನಾನು ಉತ್ತರವನ್ನು ಆ ಮೂರನೆಯವನಿಗೇ ಬರೆಯುತ್ತೇನೆ, ವಿಳಾಸ ಮಾತ್ರ ಎರಡನೆಯವನದು. ರಷ್ಯಾದವನು ಹಾಗೆ ಬರೆದನೆಂದರೆ, ಪ್ರತಿ ಜರ್ಮನಿಗೆ ಹೋಗುತ್ತಿದೆ ಎಂಬ ಊಹೆಯ ಮೇಲೆ, ಜರ್ಮನಿಯವನು ಓದಿ ರಷ್ಯಾವನ್ನೇ ಅನುಮಾನಿಸುವಂಥ ಒಂದು ಮಾತು ಸೇರಿಸುತ್ತೇನೆ: “ಬರ್ಲಿನ್ ಬಗ್ಗೆ ಮೊನ್ನೆ ನೀನು ಹೇಳಿದ್ದು ಒಪ್ಪಿಗೆ.” ಅವನು ಮೊನ್ನೆ ಬರ್ಲಿನ್ ಬಗ್ಗೆ ಏನೂ ಹೇಳಿರುವುದಿಲ್ಲ. ನನ್ನ ಉತ್ತರವನ್ನು ಅವನು ಜರ್ಮನಿಗೆ ತೋರಿಸಿದರೆ ಒಂದು ತಲೆನೋವು, ತೋರಿಸದೆ ಉಳಿಸಿಕೊಂಡರೆ ಉತ್ತರ ಎಲ್ಲಿ ಎಂದು ಜರ್ಮನಿ ಕೇಳುತ್ತದೆ.

ಟರ್ಕಿಯ ಆಟದ ಕತೆ ಬಾಕಿ ಇದೆ. ಸೈನ್ಯ ಸಿರಿಯಾದಲ್ಲಿ ಇಳಿಯಿತು, ಟರ್ಕಿ ಎರಡು ವರ್ಷ ಒದ್ದಾಡಿ ನಕ್ಷೆಯಿಂದ ಹೋಯಿತು. ಆಟ ಮುಗಿದಮೇಲೆ ಎಲ್ಲರೂ ತಮ್ಮ ತಮ್ಮ ಕಡೆಯ ಕತೆ ಬರೆದು ಹಂಚುವ ಸಂಪ್ರದಾಯವಿದೆ. ಸಂಬಳವಿಲ್ಲದ ಈ ಕೆಲಸದಲ್ಲಿ ನನಗೆ ಅತಿ ಸಂತೋಷ ಕೊಡುವ ಓದು ಅದೇ. ಟರ್ಕಿಯವನ ಬರಹದಿಂದ ತಿಳಿದದ್ದು: ನನ್ನ ಆ ಕಾಗದಕ್ಕೆ ಅವನು ಕೊಟ್ಟ ಉತ್ತರ ರಷ್ಯಾಗೆ ಬಿಸಿಸಿ ಆಗಿತ್ತು. ರುಮೇನಿಯಾ ಹೋಗುತ್ತದೆ ಎಂದು ರಷ್ಯಾದವನಿಗೆ ಮೊದಲೇ ಗೊತ್ತಿತ್ತು, ಹೋಗಲು ಅವನೇ ಬಿಟ್ಟಿದ್ದ. ಬದಲಿಗೆ ಟರ್ಕಿಯವನು ಅವನಿಗೆ ನನ್ನ ಬುಡಾಪೆಸ್ಟ್ ಕೊಡಿಸುವುದಾಗಿ ಹೇಳಿದ್ದನಂತೆ. ಸಿರಿಯಾದಲ್ಲಿ ಇಟಲಿಯ ಸೈನ್ಯ ಇಳಿಯದಿದ್ದರೆ ಮುಂದಿನ ವರ್ಷ ನನ್ನ ಬೆನ್ನಿಗೆ ಇಬ್ಬರ ಚೂರಿಯೂ ಬೀಳುತ್ತಿತ್ತು.

ಈಗ ಬಹಳ ಜನ ಆಡುವುದು ವೆಬ್‌ಡಿಪ್ಲೊಮಸಿ, ಬ್ಯಾಕ್‌ಸ್ಟ್ಯಾಬರ್‌ನಂಥ ವೆಬ್‌ಸೈಟ್‌ಗಳಲ್ಲಿ. ಅಲ್ಲಿ ಸಂದೇಶ ಆಟದೊಳಗೇ ಹೋಗುತ್ತದೆ, ಬಿಸಿಸಿ ಎನ್ನುವ ವ್ಯವಸ್ಥೆ ಇಲ್ಲ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಕಾಪಿ ಮಾಡಿ ಹಾಕಬಹುದು, ನಂಬುವುದು ಬಿಡುವುದು ಅವನಿಷ್ಟ. ಆರ್ಡರ್ ಅಲ್ಲೇ ಕೊಟ್ಟರೂ ಮಾತುಕತೆಯನ್ನು ಇಮೇಲ್‌ನಲ್ಲಿ ಇಟ್ಟುಕೊಳ್ಳಲು ನಿಯಮ ಒಪ್ಪುತ್ತದೆಯೇ ಎಂದು ಶುರುವಿಗೆ ಮೊದಲೇ ಕೇಳಿಕೊಳ್ಳುತ್ತೇನೆ. ಒಪ್ಪಿದರೆ ಆಟಕ್ಕೆಂದೇ ಬೇರೆ ಇಮೇಲ್ ಖಾತೆ, ವಿಳಾಸಪಟ್ಟಿಯಲ್ಲಿ ಏಳು ದೇಶ ಮತ್ತು ಆಟ ನಡೆಸುವವರು, ಅಷ್ಟೇ. ಆಫೀಸಿನ ಖಾತೆಯಿಂದ ಆಡಿದರೆ ‘ಟಿ’ ಒತ್ತಿದ ಕೂಡಲೇ ಟರ್ಕಿಗೆ ಬದಲು ಟೀಮ್ ಲೀಡರ್ ಹೆಸರು ಬಂದು ಕೂರುತ್ತದೆ.