ಡ್ರೈನ್ ಚೀಲದ ಬಣ್ಣ ಬರೆದಿಡಿ: ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಶಸ್ತ್ರಚಿಕಿತ್ಸೆಯಾದ ಕೆಲವರು, ಒಳಗಿನ ದ್ರವವನ್ನು ಹೊರಗಿನ ಚೀಲಕ್ಕೆ ಹರಿಸುವ ಡ್ರೈನ್ ಕೊಳವೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಮನೆಗೆ ಮರಳುತ್ತಾರೆ. ಚೀಲ ಖಾಲಿ ಮಾಡಿ ದ್ರವವನ್ನು ಅಳೆಯುವುದನ್ನು ಮನೆಯವರು ಒಂದೇ ದಿನದಲ್ಲಿ ಕಲಿಯುತ್ತಾರೆ. ಬಣ್ಣವನ್ನು ಬರೆದಿಡಲು ಮಾತ್ರ ಮರೆಯುತ್ತಾರೆ; ಎಡವುವುದೂ ಅಲ್ಲೇ.

ಮೊದಲಿಗೆ, ಕೈ ತೊಳೆದು ದಿನವೂ ಒಂದೇ ಹೊತ್ತಿಗೆ ಚೀಲ ಖಾಲಿ ಮಾಡಿ, ಪ್ರಮಾಣ, ಬಣ್ಣ, ವಾಸನೆ ಮೂರನ್ನೂ ಬರೆಯಿರಿ. ಮೊಬೈಲ್ ಬೇಡ, ನೋಟ್‌ಬುಕ್ಕೇ ಇರಲಿ. ಸರದಿಯಲ್ಲಿ ನೋಡಿಕೊಳ್ಳುವ ಎಲ್ಲರ ಕೈಗೂ ಅದು ಸಿಗಬೇಕು.

ಎರಡನೆಯದಾಗಿ, ಬಣ್ಣವನ್ನು ಓದಲು ಕಲಿಯಿರಿ. ಮೊದಲು ನಸುಗೆಂಪಾಗಿದ್ದು ಕ್ರಮೇಣ ತೆಳು ಹಳದಿಗೆ ತಿರುಗುವುದು ಸಹಜ. ಕಂದು, ಹಸಿರು ಅಥವಾ ಕೆಟ್ಟ ವಾಸನೆಯ ದ್ರವ ಬಂದರೆ ಒಳಗಿನ ಹೊಲಿಗೆಯ ಜಾಗದಲ್ಲಿ ಸೋರಿಕೆಯಿರಬಹುದು. ನೀರಿನಷ್ಟು ತಿಳಿಯಾಗಿದ್ದರೂ ಅದು ಗ್ರಂಥಿಯ ರಸವೇ ಆಗಿರಬಹುದು. ಶಸ್ತ್ರಚಿಕಿತ್ಸೆಯ ಮೂರನೆಯ ದಿನ ಅಥವಾ ಆನಂತರ ಡ್ರೈನ್ ದ್ರವದಲ್ಲಿ ಅಮೈಲೇಸ್ (ಈ ಗ್ರಂಥಿಯ ರಸದಲ್ಲಿರುವ ಜೀರ್ಣಕಾರಿ ಕಿಣ್ವ) ಪ್ರಮಾಣವು ರಕ್ತದಲ್ಲಿನ ಸಾಮಾನ್ಯ ಗರಿಷ್ಠ ಮಿತಿಯ 3 ಪಟ್ಟು ಮೀರಿದರೆ ವೈದ್ಯರು ಸೋರಿಕೆಯನ್ನು ಶಂಕಿಸುತ್ತಾರೆ. ಹಾಲಿನಂತಹ ದ್ರವವಾದರೆ ದುಗ್ಧರಸದ (ಕರುಳಿನಿಂದ ಕೊಬ್ಬನ್ನು ಹೊತ್ತೊಯ್ಯುವ ದ್ರವ) ಸೋರಿಕೆಯ ಸಾಧ್ಯತೆಯಿದೆ.

ಮೂರನೆಯದು ರಕ್ತ. ಇದು ಅಪರೂಪ, ಆದರೆ ಅತ್ಯಂತ ಅಪಾಯಕಾರಿ. ಸೋರಿದ ರಸವು ಪಕ್ಕದ ಅಪಧಮನಿಯ ಗೋಡೆಯನ್ನು ನಿಧಾನವಾಗಿ ಕೊರೆಯುತ್ತದೆ; ದುರ್ಬಲವಾದ ಗೋಡೆ ಗುಳ್ಳೆಯಂತೆ ಉಬ್ಬಿ, ಶಸ್ತ್ರಚಿಕಿತ್ಸೆಯಾಗಿ ವಾರಗಳು ಕಳೆದ ಮೇಲೂ ಒಡೆಯಬಹುದು. ಅದಕ್ಕೂ ಮುನ್ನ ಹಲವರಲ್ಲಿ ಡ್ರೈನ್‌ನಲ್ಲಿ ಸ್ವಲ್ಪವೇ ಹೊಸ ರಕ್ತ ಕಾಣಿಸಿಕೊಂಡು, ಅಥವಾ ರಕ್ತವಾಂತಿಯಾಗಿ, ಇಲ್ಲವೇ ಮಲ ಡಾಂಬರಿನಂತೆ ಕಪ್ಪಾಗಿ ಹೋಗಿ, ಆಮೇಲೆ ತಾನಾಗಿಯೇ ನಿಂತುಬಿಡುತ್ತದೆ. ‘ನಿಂತಿತಲ್ಲ, ಬೆಳಿಗ್ಗೆ ನೋಡೋಣ’ ಎಂದು ಮನೆಯವರು ನಿಟ್ಟುಸಿರು ಬಿಡುವುದು ಈ ಗಳಿಗೆಯಲ್ಲೇ. ದಯವಿಟ್ಟು ಕಾಯಬೇಡಿ. ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಭಾರೀ ರಕ್ತಸ್ರಾವವಾಗಬಹುದು. ನಾಡಿ, ರಕ್ತದೊತ್ತಡ ಸರಿಯಿದ್ದರೂ ನೆಚ್ಚಿಕೊಳ್ಳುವಂತಿಲ್ಲ. ಕೊಳವೆಯನ್ನು ಎಳೆಯದೆ, ಮುಚ್ಚದೆ, ನೋಟ್‌ಬುಕ್ ಮತ್ತು ಡಿಸ್ಚಾರ್ಜ್ ಪತ್ರದೊಂದಿಗೆ ಕೂಡಲೇ ಹೊರಡಿ. ಸಿ.ಟಿ. ಆಂಜಿಯೋಗ್ರಫಿಯ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಸೌಲಭ್ಯವಿರುವ ಆಸ್ಪತ್ರೆಯಾದರೆ ಒಳಿತು. ಸ್ರಾವದ ಮೂಲ ಸಿಕ್ಕರೆ, ಎಷ್ಟೋ ಸಲ ಹೊಟ್ಟೆ ತೆರೆಯದೆಯೇ ರಕ್ತನಾಳದ ಮೂಲಕ ಕಾಯಿಲ್ (ನಾಳವನ್ನು ಮುಚ್ಚುವ ತಂತಿಯ ಸುರುಳಿ) ಅಥವಾ ಸ್ಟೆಂಟ್ (ಸಣ್ಣ ಕೊಳವೆ) ಕೂರಿಸಿ ಅದನ್ನು ನಿಲ್ಲಿಸುತ್ತಾರೆ.

ಆಹಾರದ ವಿಷಯ ಸರಳ: ಸ್ವಲ್ಪಸ್ವಲ್ಪವಾಗಿ, ಹಲವು ಬಾರಿ. ಮಲ ಜಿಡ್ಡಾಗಿ ನೀರಿನಲ್ಲಿ ತೇಲಿದರೆ, ಗ್ರಂಥಿಯ ಕಿಣ್ವ ಸಾಲದೆ ಕೊಬ್ಬು ಜೀರ್ಣವಾಗದಿರಬಹುದು; ವೈದ್ಯರಿಗೆ ತಿಳಿಸಿ. ಅವರು ಕಿಣ್ವದ ಕ್ಯಾಪ್ಸೂಲ್ ಬರೆದುಕೊಟ್ಟರೆ ಮೊದಲ ತುತ್ತಿನ ಜೊತೆಗೇ ನುಂಗಬೇಕು, ಜಗಿಯಬಾರದು. ಅಂಗಡಿಯ ಜೀರ್ಣಕಾರಿ ಸಿರಪ್‌ಗಳು ಇದಕ್ಕೆ ಬದಲಿಯಲ್ಲ. ಅವುಗಳಿಗೆ ಹಣ ಸುರಿಯಬೇಡಿ.

ಸೋಂಕಿನ ವಿರುದ್ಧ ಹೋರಾಡುವ ಗುಲ್ಮವನ್ನೂ (ಸ್ಪ್ಲೀನ್) ತೆಗೆದಿದ್ದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮತ್ತು ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ‘ಬಿ’) ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಅಂಥವರಿಗೆ ಚಳಿಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿಸಿ ರಾತ್ರಿ ಕಳೆಯಬಾರದು, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.