ನಾಯಿ-ಬೆಕ್ಕಿನ ಬೇಸಿಗೆಗೆ ಚೀನೀ ವೈದ್ಯಪದ್ಧತಿ: ನನ್ನ ಅನುಭವ

ನಾನು ಫ್ಲಾರಿಡಾದಲ್ಲಿ ಪಶುವೈದ್ಯೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಸೂಜಿ ಅಂದರೆ ನಮಗೆ ಇಂಜೆಕ್ಷನ್ ಒಂದೇ. ಚೀನೀ ಸೂಜಿ ಚಿಕಿತ್ಸೆಯಾದ ಅಕ್ಯುಪಂಕ್ಚರ್ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಪ್ರಾಣಿಗಳ ಚೀನೀ ವೈದ್ಯ ಕಲಿಸುವ ರೆಡ್ಡಿಕ್ ಊರಿನ ಚಿ ಇನ್‌ಸ್ಟಿಟ್ಯೂಟ್‌ನಲ್ಲಿ.

ಇಲ್ಲಿನ ಬೇಸಿಗೆ ಮಂಗಳೂರಿನ ಥರ, ಸೆಕೆಯೇ ಜಾಸ್ತಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಬಿಸಿ ಕಳೆಯಬೇಕು. ಗಾಳಿಯಲ್ಲೇ ತೇವ ತುಂಬಿದ್ದರೆ ಅದೂ ಸರಿಯಾಗಿ ಆಗುವುದಿಲ್ಲ.

ಮೊದಲು ನಾಲಗೆ ನೋಡುತ್ತೇನೆ: ಕಡು ಕೆಂಪಾಗಿ ಒಣಗಿದೆಯಾ? ಆಮೇಲೆ ಒಳತೊಡೆಯಲ್ಲಿ ನಾಡಿ. ಇದಕ್ಕಿಂತ ಹೆಚ್ಚು ಗೊತ್ತಾಗುವುದು ಒಂದು ಪ್ರಶ್ನೆಯಿಂದ: ರಾತ್ರಿ ಎಲ್ಲಿ ಮಲಗುತ್ತದೆ? ಮೆತ್ತನೆ ಹಾಸಿಗೆ ಬಿಟ್ಟು ಟೈಲ್ಸ್ ಮೇಲೆ ಬಿದ್ದುಕೊಳ್ಳುವುದು, ಮತ್ತೆ ಮತ್ತೆ ನೀರು ಕುಡಿಯುವುದು ಉಷ್ಣದ ಲಕ್ಷಣ. ಕಂಬಳಿಯೊಳಗೆ ನುಸುಳುವ ಮುದಿ ಬೆಕ್ಕಿಗೆ ಬೇಸಿಗೆ ಅಂತ ಸುಮ್ನೆ ತಂಪು ತಿನ್ನಿಸಬಾರದು, ಭೇದಿ ಶುರುವಾಗಬಹುದು.

ನನ್ನ ಚಿಕಿತ್ಸೆ ಮುಕ್ಕಾಲು ಪಾಲು ಅಡುಗೆಮನೆಯಲ್ಲೇ ಮುಗಿಯುತ್ತದೆ. ಚೀನೀ ಲೆಕ್ಕದಲ್ಲಿ ಕುರಿ, ಜಿಂಕೆ ಮಾಂಸ ಉಷ್ಣ, ಕೋಳಿಯೂ ಸ್ವಲ್ಪ ಉಷ್ಣವೇ. ಬಾತುಕೋಳಿ, ಮೊಲ, ಕಾಡ್ (cod) ಎಂಬ ಸಮುದ್ರ ಮೀನು ತಂಪು. ಹೆಸರುಕಾಳು ಬೇಯಿಸಿದ ನೀರು ಚೀನೀಯರಿಗೂ ಬೇಸಿಗೆಯ ಪಾನೀಯ. ಕ್ಲಾಸಿನಲ್ಲಿ ಅದನ್ನು ಕೇಳಿ ನಗು ಬಂತು, ಇದಕ್ಕಾ ನಾನು ಫೀಸು ಕಟ್ಟಿದ್ದು? ನಾಯಿಗೆ ಕೊಡುವಾಗ ಉಪ್ಪು, ಬೆಲ್ಲ, ಒಗ್ಗರಣೆ ಏನೂ ಬೇಡ. ಊಟದ ಮೇಲೆ ಒಂದೆರಡು ಚಮಚ ಹಾಕಿದರೆ ಸಾಕು. ಸೌತೆಕಾಯಿ ಕೊಡಬಹುದು, ಕಲ್ಲಂಗಡಿಯಾದರೆ ಬೀಜ, ಸಿಪ್ಪೆ ತೆಗೆದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮಾತ್ರ ಯಾವ ಕಾಲಕ್ಕೂ ಬೇಡ, ಅವು ನಾಯಿಗೆ ವಿಷ.

ಕುತ್ತಿಗೆಯ ಬುಡದಲ್ಲಿ, ಮೊಣಕೈಯ ಹೊರಬದಿಯಲ್ಲಿ ಉಷ್ಣ ಇಳಿಸುವ ಬಿಂದುಗಳಿವೆ. ಅಲ್ಲಿ ಸೂಜಿ ಹಾಕಿದರೆ ಎಷ್ಟೋ ನಾಯಿಗಳು ಹಾಗೇ ತೂಕಡಿಸುತ್ತವೆ. ಅದರಿಂದ ಮೈ ತಂಪಾಯಿತು ಅಂತ ಥರ್ಮಾಮೀಟರ್ ಇಟ್ಟು ತೋರಿಸಲಾರೆ. ಜಿಪ್ಸಂ ಖನಿಜ ಹಾಕಿದ, ಉಷ್ಣ ಇಳಿಸುವ ಬಾಯ್ ಹು ತಾಂಗ್ ಎಂಬ ಚೀನೀ ಕಷಾಯವನ್ನು ತೀರಾ ಅಪರೂಪಕ್ಕೆ ಬರೆಯುತ್ತೇನೆ. ಆನ್‌ಲೈನಲ್ಲಿ ತರಿಸಿ ನೀವೇ ಕುಡಿಸಬೇಡಿ.

ಬಿಸಿಲು ಬಡಿದಾಗ ಇದ್ಯಾವುದೂ ಇಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿ, ನಾಯಿ ತೂರಾಡಿ ವಾಂತಿ ಮಾಡುತ್ತಿದ್ದರೆ ತುರ್ತು ಸ್ಥಿತಿ. ಕಿವಿಯ ತುದಿ ಚುಚ್ಚಿ ಒಂದೆರಡು ಹನಿ ರಕ್ತ ತೆಗೆಯುವ ಹಳೆಯ ಪದ್ಧತಿ ಚೀನೀ ವೈದ್ಯದಲ್ಲಿದೆ. ಅದನ್ನು ಓದಿಕೊಂಡವರು ಫೋನ್ ಮಾಡಿ ಎಲ್ಲಿ ಚುಚ್ಚಲಿ ಅಂತ ಕೇಳುತ್ತಾರೆ. ನಾನು ಹೇಳೋದು ಇಷ್ಟೇ: ಸೂಜಿ ಬಿಡಿ, ಮೈಮೇಲೆ ನೀರು ಸುರಿಯಿರಿ, ಕಾರಿನ ಎಸಿ ಜೋರು ಮಾಡಿ, ಹತ್ತಿರದ ತುರ್ತು ಆಸ್ಪತ್ರೆಗೆ ಹೊರಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿ ಆದರೆ 105 ಆಗುವ ತನಕ ಕಾಯಲೂ ಬೇಡಿ.